ಮೂವತ್ತು ಡಿಗ್ರಿಗಾಗಿ ಒಂದು ರಾತ್ರಿ

ಕರೆಂಟ್ ಹೋಯಿತು.

ಗಂಟೆ ಒಂದೂ ಮುಕ್ಕಾಲು. 2018ರ ಏಪ್ರಿಲ್ 14ರ ಶನಿವಾರ ಕಳೆದು ಭಾನುವಾರ ಹುಟ್ಟಿದ ಹೊತ್ತು. ಕಿಟಕಿಯಾಚೆ ಮಿನಿಯಾಪೊಲಿಸ್ ಎಂಬ ಊರೇ ಇರಲಿಲ್ಲ. ಹಿಮದ ಗೋಡೆ, ಅದರ ಹಿಂದೆ ಹುಯ್ಯಲಿಡುವ ಗಾಳಿ. ಮನೆಯ ಹೀಟರ್ ಸುಮ್ಮನಾಗಿದ್ದೇ ತಡ, ನನಗೆ ಎಚ್ಚರ. ಹೆಂಡತಿ, ಮಗಳು ಬೆಚ್ಚಗಿದ್ದಾರೋ ಇಲ್ಲವೋ ಎಂಬ ಯೋಚನೆ ಆಮೇಲೆ ಬಂತು (ಇದನ್ನು ಹೆಂಡತಿ ಇವತ್ತಿಗೂ ಮರೆತಿಲ್ಲ). ಮೊದಲು ನೆನಪಾದದ್ದು ಬೇಸ್‌ಮೆಂಟಿನ ಥರ್ಮೋಕೋಲ್ ಪೆಟ್ಟಿಗೆ. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. ಮೊಬೈಲ್ ಬೆಳಕಿನಲ್ಲಿ ತಾಪಮಾಪಕ ನೋಡಿದೆ: 29.

ಪೆಟ್ಟಿಗೆಯೊಳಗೆ ಇದ್ದದ್ದು ಒದ್ದೆ ಬಟ್ಟೆಯ ಗಂಟು. ಗಂಟಿನೊಳಗೆ ಮೂರು ಬೀಜ.

ಅಂತಿಂಥ ಬೀಜವಲ್ಲ, ಅಟ್ಲಾಂಟಿಕ್ ಜೈಂಟ್. ಒಂದೊಂದೂ ಹೆಬ್ಬೆರಳ ಉಗುರಿಗಿಂತ ದೊಡ್ಡದು. ದೈತ್ಯ ಕುಂಬಳ ಬೆಳೆಯುವವರಲ್ಲಿ ಬೀಜಕ್ಕೆ ಗೋತ್ರ, ಪ್ರವರ ಇರುತ್ತದೆ. ಲಕೋಟೆಯ ಮೇಲೆ ತಾಯಿಕಾಯಿಯ ತೂಕ, ಬೆಳೆದವರ ಮನೆತನದ ಹೆಸರು, ವರ್ಷ, ಪರಾಗ ಕೊಟ್ಟ ಗಿಡ ಯಾವುದು, ಎಲ್ಲ ಬರೆದಿರುತ್ತಾರೆ. ಮೂಲಪುರುಷ ಹೊವಾರ್ಡ್ ಡಿಲ್, ಕೆನಡಾದ ನೋವಾ ಸ್ಕೋಷಿಯಾದ ವಿಂಡ್ಸರ್ ಎಂಬ ಊರಿನ ರೈತ. ವರ್ಷಗಟ್ಟಲೆ ಆರಿಸಿ ಆರಿಸಿ ಈ ತಳಿ ಕಟ್ಟಿದವನು. 1981ರಲ್ಲಿ ಅವನ ಕಾಯಿ 493.5 ಪೌಂಡ್, ಅಂದರೆ ಸುಮಾರು 224 ಕೆ.ಜಿ. ತೂಗಿದಾಗ ಜಗತ್ತೇ ಬೆರಗಾಗಿತ್ತು. ಬೆಲ್ಜಿಯಂನ ಮಥಿಯಾಸ್ ವಿಲೆಮೈನ್ಸ್ 2016ರಲ್ಲಿ ತೂಗಿಸಿದ ಕಾಯಿ 1,190 ಕೆ.ಜಿ.; ನಾನು ಬೀಜ ಹಾಕಿದ ವರ್ಷ ದಾಖಲೆ ಅದೇ ಆಗಿತ್ತು. ಮೂವತ್ತೈದು ವರ್ಷದಲ್ಲಿ ಐದು ಪಟ್ಟು!

ಅಂಥ ಕುಲದ ಕುಡಿಗಳು ಈಗ ಕತ್ತಲಲ್ಲಿ ತಣ್ಣಗಾಗುತ್ತಿವೆ. 27.

ಮೊಳೆಯಲು ಇವಕ್ಕೆ 29ರಿಂದ 32 ಡಿಗ್ರಿ ಬೇಕು. ಅಷ್ಟಿದ್ದರೆ ಮೂರು–ನಾಲ್ಕು ದಿನದಲ್ಲಿ ಬೇರು ಇಣುಕುತ್ತದೆ. ಇಪ್ಪತ್ತರ ಕೆಳಗಿಳಿದರೆ ನೀರು ಕುಡಿದ ಬೀಜ ಸುಮ್ಮನೆ ಕೂರುತ್ತದೆ, ಕೂತದ್ದು ಕೊಳೆಯುತ್ತದೆ. ನನ್ನವು ನೀರು ಕುಡಿದು ಎರಡು ದಿನವಾಗಿತ್ತು. ಬೇಗ ನೀರೆಳೆಯಲಿ ಎಂದು ಹೆಂಡತಿಯ ಉಗುರು ತೀಡುವ ಅರದಲ್ಲಿ ಅಂಚನ್ನು ತೇಯ್ದೂ ಇದ್ದೆ. ಇನ್ನು ಹಿಂದಕ್ಕೆ ಹೋಗುವಂತಿಲ್ಲ.

ಬಿಸಿಲು ಬರಲಿ, ಆಮೇಲೆ ಬೀಜ ಹಾಕಿದರಾಗದೇ ಎಂದು ಕೇಳಬಹುದು. ಆಗದು. ತೂಕದ ಜಾತ್ರೆ ಅಕ್ಟೋಬರಿನಲ್ಲಿ. ಕಾಯಿ ಬಲಿಯಲು ತೊಂಬತ್ತು ದಿನವಾದರೂ ಬೇಕು, ಅಂದರೆ ಜುಲೈ ಮೊದಲ ವಾರಕ್ಕೆ ಹೆಣ್ಣುಹೂವಿಗೆ ಪರಾಗ ಮುಟ್ಟಿಸಿರಬೇಕು. ಅಷ್ಟರೊಳಗೆ ಬಳ್ಳಿ ಮೂರು ಮೀಟರಾದರೂ ಹಬ್ಬಿರಬೇಕು. ಭರದಲ್ಲಿ ಬೆಳೆಯುವಾಗ ಒಳ್ಳೆಯ ಕಾಯಿ ದಿನಕ್ಕೆ ಇಪ್ಪತ್ತು ಕೆ.ಜಿ. ಏರುತ್ತದೆ. ಏಪ್ರಿಲಿನಲ್ಲಿ ಒಂದು ವಾರ ಕಳೆದುಕೊಂಡವನು ಆಗಸ್ಟಿನಲ್ಲಿ ಒಂದು ಎಮ್ಮೆಕರುವಿನ ತೂಕ ಕಳೆದುಕೊಂಡಂತೆ.

25.

ಕಾರಿನ ಹೀಟರ್? ಗ್ಯಾರೇಜಿನ ಬಾಗಿಲಿಗೆ ಮೊಣಕಾಲುದ್ದ ಹಿಮ ಒತ್ತಿತ್ತು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಹಾಕಿದರೆ ಹೊಗೆಯೇ ಪ್ರಾಣ ತೆಗೆಯುತ್ತದೆ. ಗ್ಯಾಸ್ ಒಲೆ? ಅದರ ಕಿಡಿಗೂ ಕರೆಂಟೇ ಬೇಕು. ದೇವರ ಗೂಡು ತಡಕಿ ಬೆಂಕಿಪೊಟ್ಟಣ ತೆಗೆದೆ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿ ಆರಿತು. ಮೂರನೆಯದಕ್ಕೆ ಒಲೆ ಭಗ್ ಎಂದಿತು. ನೀರು ಕಾಯಿಸಿ ರಬ್ಬರ್ ಚೀಲಕ್ಕೆ ತುಂಬಿ ಓಡಿದೆ, ಅರ್ಧ ನೀರು ಪಾದದ ಮೇಲೆ. ಚೀಲವನ್ನು ಗಂಟಿನ ಪಕ್ಕ ಇಟ್ಟು ಮುಚ್ಚಳ ಮುಚ್ಚಿದೆ. 26. 31. ಗೆದ್ದೆ! 36. ಅಯ್ಯೋ. 41. ಬೀಜ ಬೇಯುತ್ತದೆ! ಚೀಲ ಕಿತ್ತು ಎಸೆದೆ. ಹತ್ತು ನಿಮಿಷದಲ್ಲಿ ಮತ್ತೆ 24. ಒಲೆಗೂ ಪೆಟ್ಟಿಗೆಗೂ ನಡುವೆ ಹೀಗೆ ನಾಲ್ಕು ಸಲ ಓಡಿದೆ. ಮೂರು ಗಂಟೆಯ ಹೊತ್ತಿಗೆ ಮನೆಯೊಳಗೇ ಬಾಯಿಂದ ಆವಿ ಬರುತ್ತಿದೆ ಅನ್ನಿಸಿತು. ಭಯಕ್ಕೆ ಹಾಗೆ ಕಂಡಿರಲೂಬಹುದು.

“ಎಂತದಾ ಅದು, ಹೆಗ್ಗಣ ಹೊಕ್ಕ ಹಂಗೆ?”

ಮೆಟ್ಟಿಲ ಮೇಲೆ ಅಮ್ಮ. ತೀರ್ಥಹಳ್ಳಿಯಿಂದ ಬಂದು ತಿಂಗಳಾಗಿತ್ತು. ತಲೆಗೆ ಮಫ್ಲರ್, ಮೈಗೆ ಎರಡು ಸ್ವೆಟರ್, ಅದರ ಮೇಲೆ ಶಾಲು.

“ಬೀಜ ಸಾಯ್ತಾ ಇದೆ ಅಮ್ಮಾ.”

“ಚೀನಿಕಾಯಿ ಬೀಜಕ್ಕೆ ಈ ರಂಪಾಟನಾ ಮಾರಾಯ? ನಮ್ಮಲ್ಲಿ ಗೊಬ್ಬರಗುಂಡಿ ಮೇಲೆ ಎಸೆದ್ರೆ ತಾನೇ ಹುಟ್ಟುತ್ತೆ.” ಬೈಯುತ್ತಲೇ ಇಳಿದು ಬಂದಳು. ಗಂಟು ಮುಟ್ಟಿ ನೋಡಿದಳು. ಅವಳ ಮುಖ ಬದಲಾಯಿತು. ಹೆಸರುಕಾಳು ಮೊಳಕೆ ಕಟ್ಟಿ ಐವತ್ತು ವರ್ಷ ಪಳಗಿದ ಕೈ. ಬಟ್ಟೆಯ ಹದ ಅದಕ್ಕೆ ಗೊತ್ತು. ಹೆಚ್ಚಿನ ನೀರು ಹಿಂಡಿ, ಗಂಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಸೆರಗು ಸರಿಸಿ ಸೀರೆಯ ನೆರಿಗೆಯ ಬಳಿ ಹೊಟ್ಟೆಗೆ ಒತ್ತಿ ಸಿಕ್ಕಿಸಿಕೊಂಡಳು. ಮೇಲೆ ಸ್ವೆಟರ್, ಶಾಲು, ಕಂಬಳಿ.

ತಾಪಮಾಪಕದ ತಂತಿಯನ್ನು ಒಳಗೆ ಇಳಿಬಿಟ್ಟೆ. 26. 28. 30. 32ಕ್ಕೆ ಬಂದು ನಿಂತಿತು. ನಿಂತೇ ಇತ್ತು! ಮನುಷ್ಯರ ಚರ್ಮದ ಬಿಸಿಯೂ ಈ ಬೀಜ ಬೇಡುವ ಬಿಸಿಯೂ ಹತ್ತಿರ ಹತ್ತಿರ ಒಂದೇ. ನನ್ನ ಪೆಟ್ಟಿಗೆ, ಹೀಟಿಂಗ್ ಪ್ಯಾಡು, ಥರ್ಮೋಸ್ಟಾಟ್ ಎಲ್ಲ ಸೇರಿ ನೂರಿಪ್ಪತ್ತು ಡಾಲರ್ ಆಗಿತ್ತು.

“ಅಮ್ಮಾ, ಮಗ್ಗುಲು ಹೊರಳಬೇಡ.”

“ನಿನ್ನ ಹೊತ್ತಾಗಲೂ ಹೊರಳದೇ ಮಲಗಿದ್ದೆ. ಸುಮ್ನಿರು.”

ಸೋಫಾದಲ್ಲಿ ಕೂತಲ್ಲೇ ಅವಳು ತೂಕಡಿಸಿದಳು. ಎದುರಿಗೆ ಕೂತು ನಾನು ಅಂಕಿ ಕಾದೆ. ನಾಲ್ಕು ಗಂಟೆ: 32. ಐದು: 31. ಕಂಬಳಿ ಜಾರಿತ್ತು, ಎಳೆದು ಹೊದಿಸಿದೆ. ಆರು: 32. ಏಳೂ ಹತ್ತಕ್ಕೆ ಫ್ರಿಜ್ಜು ಗುರ್ ಎಂದಿತು. ದೀಪ ಬಂತು.

ಸೋಮವಾರ ಗಂಟು ಬಿಚ್ಚಿದೆವು. ಎರಡು ಬೀಜದ ಚೂಪು ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಬೇರು. ಮೂರನೆಯದು ಕೊಳೆತಿತ್ತು. ಅರ ಹೆಚ್ಚು ತೇಯ್ದು ಒಳಗಿನ ತಿರುಳಿಗೇ ಗಾಯ ಮಾಡಿದ್ದೆ. ಅದು ಚಳಿಯ ತಪ್ಪಲ್ಲ, ನನ್ನದು. ಬೇರು ಕೆಳಗೆ ಮಾಡಿ ಕುಂಡಕ್ಕಿಟ್ಟ ಎರಡರಲ್ಲಿ ಒಂದು ವಾರದೊಳಗೆ ಬುಡ ಕೊಳೆತು ಮಲಗಿತು. ಉಳಿದದ್ದು ಒಂದು.

ಆ ಏಪ್ರಿಲಿನಲ್ಲಿ ಮಿನಿಯಾಪೊಲಿಸ್ ಮೇಲೆ ಬಿದ್ದ ಹಿಮ 26 ಅಂಗುಲ, ದಾಖಲೆಯಲ್ಲೇ ಅತಿ ಹೆಚ್ಚು ಹಿಮದ ಏಪ್ರಿಲ್. ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಗುಡಾರ ಕಟ್ಟಿ, ಮಣ್ಣಿನೊಳಗೆ ಬಿಸಿತಂತಿ ಹೂತು, ಹಾಲಿನ ಖಾಲಿ ಕ್ಯಾನುಗಳಿಗೆ ನೀರು ತುಂಬಿ ಸುತ್ತ ಇಟ್ಟೆ. ಹಗಲು ಬಿಸಿ ಹೀರಿ ರಾತ್ರಿ ಬಿಡಲಿ ಎಂದು. ಸಸಿ ಯಾವ ದಿಕ್ಕಿಗೆ ಇಡಬೇಕೆಂಬುದಕ್ಕೆ ಜಗಳವಾಯಿತು. ಮೊದಲ ನಿಜ ಎಲೆ ಯಾವ ಕಡೆಗಿದೆಯೋ ಸಾಮಾನ್ಯವಾಗಿ ಅದರ ಎದುರು ದಿಕ್ಕಿಗೆ ಬಳ್ಳಿ ಹರಿಯುತ್ತದೆ. ಅಮ್ಮನಿಗೆ ಅದು ಪೂರ್ವಕ್ಕೆ ಹರಿಯಬೇಕು, ನನಗೆ ಜಾಗ ಇದ್ದದ್ದು ಪಶ್ಚಿಮಕ್ಕೆ. ಪಶ್ಚಿಮಕ್ಕೇ ಇಟ್ಟೆ. ಎರಡು ದಿನ ಮಾತಿಲ್ಲ. ಮೇ 28ಕ್ಕೆ ಅದೇ ಊರಿನಲ್ಲಿ ಬಿಸಿಲು 38 ಡಿಗ್ರಿ ಮುಟ್ಟಿತು! ಚಳಿಯಿಂದ ಉಳಿಸಿದ ಗುಡಾರವೇ ಒಲೆಯಾಯಿತು. ಆಫೀಸಿಲ್ಲದ ರಜೆಯ ದಿನವಾದ್ದರಿಂದ ಕಿತ್ತೊಗೆಯಲು ನಾನು ಮನೆಯಲ್ಲಿದ್ದೆ, ಅದೊಂದು ಅದೃಷ್ಟ.

ಅಮ್ಮ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದಳು. ಅಕ್ಟೋಬರಿನಲ್ಲಿ ಸೇಂಟ್ ಕ್ರಾಯ್ ನದಿಯ ದಡದ ಸ್ಟಿಲ್‌ವಾಟರಿಗೆ ಕಾಯಿ ಹೊತ್ತೊಯ್ದೆ. 2010ರಲ್ಲಿ ಕ್ರಿಸ್ ಸ್ಟೀವನ್ಸ್ 1,810.5 ಪೌಂಡಿನ ಕಾಯಿ ತಂದು ವಿಶ್ವದಾಖಲೆ ಮಾಡಿದ್ದು ಅದೇ ಊರಿನ ಸುಗ್ಗಿಹಬ್ಬದಲ್ಲಿ. ನನ್ನದು 391 ಕೆ.ಜಿ. ಬಹುಮಾನದ ಹತ್ತಿರವೂ ಸುಳಿಯಲಿಲ್ಲ.

ಆ ರಾತ್ರಿಯೇ ಫೋನ್ ಮಾಡಿದೆ. ತೂಕ ಹೇಳಿದೆ. ದೀಪಾವಳಿಯ ಕಡುಬಿಗೆ ಆಗುತ್ತದೆಯೇ ಎಂದು ಕೇಳಿದಳು. ಬರೀ ನೀರು, ರುಚಿಯಿಲ್ಲ ಎಂದೆ.

“ಒಳಗೆ ಬೀಜ ಎಷ್ಟಿತ್ತು?”

ಮಾರನೆಯ ದಿನ ಕಾಯಿ ಒಡೆದು ಎಣಿಸಿ ಹೇಳಿದೆ: 286.