ಮಾರಾಟಕ್ಕಿದೆ ಅರಮನೆ, ಕಂಬ ಕಂಬವಾಗಿ

ರಾಮೇಶ್ವರ ಯಾತ್ರೆಗೆ ಹೊರಡುವ ಕನ್ನಡಿಗರ ಬಸ್ಸುಗಳಲ್ಲಿ ಕೆಲವು ತಿರುಚ್ಚಿ, ಪುದುಕೋಟೆ ದಾಟಿ ಕಾರೈಕುಡಿಯ ಮೇಲೆ ಹಾದುಹೋಗುತ್ತವೆ. ಪಿಳ್ಳೆಯಾರ್‌ಪಟ್ಟಿಯಲ್ಲಿ ಬಂಡೆಯಲ್ಲೇ ಕೊರೆದ ಗಣಪನಿಗೆ ಕೈಮುಗಿದು, ಕಾಫಿ ಕುಡಿದು ಮತ್ತೆ ಬಸ್ಸು ಹತ್ತಿದರೆ ಮನಸ್ಸೆಲ್ಲ ಮುಂದಿನ ಸಮುದ್ರದ ಕಡೆಗೇ. ಕಿಟಕಿಯಾಚೆ ಕಾಣುವುದು ಜಾಲಿ ಪೊದೆ, ಕೆಂಪು ಮಣ್ಣು, ಅಲ್ಲೊಂದು ಇಲ್ಲೊಂದು ಒಣಗಿದ ಕೆರೆ. ಈ ಬರಡು ಸೀಮೆಯಲ್ಲಿ, ಹೆದ್ದಾರಿಯಿಂದ ನಾಲ್ಕಾರು ಕಿಲೋಮೀಟರು ಒಳಗೆ ಹೋದರೆ ಅರಮನೆಗಳ ಊರುಗಳಿವೆ ಎಂದರೆ ಥಟ್ಟನೆ ನಂಬುವುದು ಕಷ್ಟ. ಒಂದೆರಡಲ್ಲ, ಬೀದಿಗೆ ಬೀದಿಯೇ ಅರಮನೆ. ಅವುಗಳ ನಡುವೆ ಓಡಾಡುವವರು ಮಾತ್ರ ಬೆರಳೆಣಿಕೆಯಷ್ಟು ಜನ.

ಇದು ಚೆಟ್ಟಿನಾಡು. ಶಿವಗಂಗೆ ಮತ್ತು ಪುದುಕೋಟೆ ಜಿಲ್ಲೆಗಳಲ್ಲಿ ಹರಡಿರುವ ಎಪ್ಪತ್ತಕ್ಕೂ ಹೆಚ್ಚು ಊರುಗಳ ಗುಂಪು. ಕಾನಾಡುಕಾತ್ತಾನ್, ದೇವಕೋಟೆ, ಪಳ್ಳತ್ತೂರು, ಆತ್ತಂಗುಡಿ ಇವೆಲ್ಲ ಅದರೊಳಗೇ ಬರುತ್ತವೆ. ಈ ಮನೆಗಳನ್ನು ಕಟ್ಟಿದವರು ರಾಜರಲ್ಲ, ಲೇವಾದೇವಿ ಮಾಡುತ್ತಿದ್ದ ನಾಟುಕೋಟೆ ಚೆಟ್ಟಿಯಾರರು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1940ರ ದಶಕದವರೆಗೆ, ಸುಮಾರು ತೊಂಬತ್ತು ವರ್ಷಗಳಲ್ಲಿ ಎದ್ದು ನಿಂತ ಮನೆಗಳಿವು. ಇವುಗಳಲ್ಲಿ ಎಷ್ಟೋ ಮನೆಗಳು ಇಂದು ಮಾರಾಟಕ್ಕಿವೆ. ಬಾಗಿಲಿಗೆ ಬೋರ್ಡು ಇರುವುದಿಲ್ಲ. ಬೆಲೆ ಕೇಳಿದರೆ ಒಂದೇ ಮಾತಿನಲ್ಲಿ ಉತ್ತರವೂ ಸಿಗುವುದಿಲ್ಲ.

ಮನೆ ಕೊಳ್ಳುವವನ ಕಣ್ಣಿನಿಂದಲೇ ಒಮ್ಮೆ ಒಳಗೆ ಹೋಗಿ ನೋಡೋಣ.

ಮೊದಲು ಎತ್ತರದ ಜಗಲಿ. ಚೆಟ್ಟಿಯಾರರ ಪೂರ್ವಿಕರು ಕಾವೇರಿಪೂಂಪಟ್ಟಣದಲ್ಲಿ ಸಮುದ್ರದ ನೆರೆ ಕಂಡು ಬೆದರಿ ಬಂದವರು, ಅದಕ್ಕೇ ಮನೆಯ ಪಾಯವನ್ನು ಇಷ್ಟು ಎತ್ತರಿಸಿದರು ಎಂದು ಊರವರು ಹೇಳುತ್ತಾರೆ. ಜಗಲಿ ದಾಟಿದರೆ ಹೆಬ್ಬಾಗಿಲು. ಬರ್ಮಾ ತೇಗದ ಅದರ ಚೌಕಟ್ಟಿನ ಮೇಲಿನ ಕೆತ್ತನೆಯಲ್ಲಿ ಲಕ್ಷ್ಮಿ, ಆನೆ, ಗಿಳಿ, ಬಳ್ಳಿ ಎಲ್ಲಕ್ಕೂ ಜಾಗವಿದೆ. ಹೊಸ್ತಿಲ ಮೇಲೆ ನಿಂತು ನೇರ ನೋಡಿದರೆ ಬಾಗಿಲ ಹಿಂದೆ ಬಾಗಿಲು, ಅಂಗಳದ ಹಿಂದೆ ಅಂಗಳ ಕಂಡು, ಕೊನೆಯಲ್ಲಿ ಹಿತ್ತಲ ಬೆಳಕು ಒಂದು ಬಿಳಿ ಚುಕ್ಕೆಯಂತೆ ಹೊಳೆಯುತ್ತದೆ. ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಇನ್ನೊಂದು ಬೀದಿಗೆ. ಮೊದಲನೆಯ ಭಾಗ ಗಂಡಸರ ವ್ಯವಹಾರಕ್ಕೆ ಮತ್ತು ಅತಿಥಿಗಳಿಗೆ. ನಡುವಿನ ತೊಟ್ಟಿಯ ಸುತ್ತ ಮದುವೆಯಾದ ಮಕ್ಕಳಿಗೆ ಒಂದೊಂದು ಕೋಣೆ. ಅದರ ಹಿಂದೆ ಊಟದ ಅಂಗಳ, ಇನ್ನೂ ಹಿಂದೆ ಅಡುಗೆಯ ಅಂಗಳ. ನಮ್ಮ ಮೈಸೂರು ಸೀಮೆಯ ತೊಟ್ಟಿಮನೆಯನ್ನು ರಬ್ಬರಿನಂತೆ ಹಿಡಿದು ಎಳೆದರೆ ಹೇಗೋ ಹಾಗೆ.

ಮೇ ತಿಂಗಳ ಮಧ್ಯಾಹ್ನದಲ್ಲೂ ಒಳಗೆ ತಂಪು. ಇದರಲ್ಲಿ ಪವಾಡವೇನಿಲ್ಲ. ಮನೆಯ ಉದ್ದ ಸಾಮಾನ್ಯವಾಗಿ ಪೂರ್ವ ಪಶ್ಚಿಮವಾಗಿದೆ. ಗೋಡೆ ದಪ್ಪ, ಆದ್ದರಿಂದ ಹಗಲಿನ ಕಾವು ಒಳಮುಖಕ್ಕೆ ತಲಪುವ ಹೊತ್ತಿಗೆ ಸಂಜೆಯಾಗಿರುತ್ತದೆ. ಅಂಗಳದ ಬಿಸಿಗಾಳಿ ಹಗುರವಾಗಿ ಮೇಲೇರಿದಾಗ ಆ ಜಾಗ ತುಂಬಲು ನೆರಳಿನ ಹಜಾರಗಳಿಂದ ಗಾಳಿ ಬರುತ್ತದೆ. ರಾತ್ರಿ ಅಂಗಳದ ಕಲ್ಲುಹಾಸು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮಳೆ ಬಂದರೆ ಸುತ್ತಲ ಹೆಂಚಿನ ನೀರು ತೊಟ್ಟಿಗೆ ಇಳಿದು, ನೆಲದಡಿಯ ಕಾಲುವೆಯ ಮೂಲಕ ಬಾವಿಗೋ ಊರ ಕೆರೆಗೋ ಸೇರುತ್ತದೆ. ಒಂದು ಹನಿಯನ್ನೂ ಬಿಡಬಾರದೆಂಬ ಲೆಕ್ಕಾಚಾರ ಇಲ್ಲಿದೆ. ಎಷ್ಟಾದರೂ ಬಡ್ಡಿ ಲೆಕ್ಕ ಹಾಕುತ್ತಿದ್ದ ಜನವಲ್ಲವೇ!

ಗೋಡೆಯನ್ನು ಮುಟ್ಟಿ ನೋಡದೆ ಯಾರೂ ಮುಂದೆ ಹೋಗುವುದಿಲ್ಲ. ಅಮೃತಶಿಲೆ ಎಂದು ಭ್ರಮಿಸುವಷ್ಟು ನುಣುಪು. ಆದರೆ ಅದು ಬರೀ ಗಾರೆ. ಸುಣ್ಣ, ಮರಳು, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ರುಬ್ಬಿ ಪದರ ಪದರವಾಗಿ ಮೆತ್ತುತ್ತಿದ್ದರು. ಕೊನೆಯ ಪದರಕ್ಕೆ ನಯವಾದ ಸುಣ್ಣದ ಜೊತೆ ಮೊಟ್ಟೆಯ ಬಿಳಿಭಾಗ ಬೆರೆಸಿ, ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಒಂದು ಮನೆಗೆ ಎಷ್ಟು ಮೊಟ್ಟೆ ಬೇಕಾಯಿತು ಎಂಬ ಸಂಖ್ಯೆ ಗೈಡಿನಿಂದ ಗೈಡಿಗೆ ಬದಲಾಗುತ್ತದೆ, ಅದನ್ನು ನಂಬಬೇಕಾಗಿಲ್ಲ. ನಂಬಬೇಕಾದದ್ದು ರಸಾಯನಶಾಸ್ತ್ರವನ್ನು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಸಿಮೆಂಟಿನಂತೆ ಮರುದಿನವೇ ಗಟ್ಟಿಯಾಗುವ ವಸ್ತುವಲ್ಲ ಅದು. ತಾಳ್ಮೆಯಿದ್ದ ಕಾಲದ ಗೋಡೆ. ಎಂಬತ್ತು, ನೂರು ವರ್ಷದ ಮೇಲೂ ಬಣ್ಣ ಹೊಡೆಸಿಕೊಳ್ಳದೆ ಹೊಳೆಯುವ ಗೋಡೆಗಳು ಇಲ್ಲಿವೆ.

ಕೆಳಗೆ ಆತ್ತಂಗುಡಿ ಟೈಲ್ಸ್. ಈ ಕೆಲಸವನ್ನು ಆ ಊರಿನ ಕಾರ್ಖಾನೆಗಳಲ್ಲಿ ಈಗಲೂ ನೋಡಬಹುದು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಒಂದು ಶೆಡ್ಡು ಮತ್ತು ಒಂದು ನೀರಿನ ತೊಟ್ಟಿ. ಗಾಜಿನ ತುಂಡಿನ ಮೇಲೆ ಲೋಹದ ಅಚ್ಚನ್ನಿಟ್ಟು, ಅದರ ಒಂದೊಂದು ಮನೆಗೂ ಒಂದೊಂದು ಬಣ್ಣದ ಸಿಮೆಂಟಿನ ತಿಳಿಯನ್ನು ಸುರಿಯುತ್ತಾರೆ. ಅಚ್ಚನ್ನು ಉಪಾಯವಾಗಿ ಮೇಲೆತ್ತಿದರೂ ಬಣ್ಣಗಳು ಒಂದರೊಳಗೊಂದು ಹರಿಯುವುದಿಲ್ಲ. ಅಷ್ಟು ಹದ ಆ ಕೈಗೆ. ಮೇಲೆ ಒಣ ಸಿಮೆಂಟು ಮರಳು ಉದುರಿಸಿ, ಹಸಿ ಗಾರೆ ತುಂಬಿ, ಒಂದಷ್ಟು ಆರಿದ ಮೇಲೆ ನೀರಿನಲ್ಲಿ ಮುಳುಗಿಸಿಡುತ್ತಾರೆ. ಕುಲುಮೆಯಿಲ್ಲ, ಬೆಂಕಿಯಿಲ್ಲ. ಒಣಗಿದ ಮೇಲೆ ಗಾಜು ತಾನಾಗಿ ಬಿಟ್ಟುಕೊಳ್ಳುತ್ತದೆ, ಅದರ ನುಣುಪು ಟೈಲ್ಸಿಗೆ ಉಳಿಯುತ್ತದೆ. ಜನ ಬರಿಗಾಲಲ್ಲಿ ಓಡಾಡಿದಷ್ಟೂ ನೆಲದ ಹೊಳಪು ಹೆಚ್ಚುತ್ತದೆ.

ಹೊಗಳಿದ್ದಾಯಿತು. ಇಷ್ಟು ಬೆಲೆಯ ಮನೆಯಲ್ಲಿ ಕೊರತೆ ಹುಡುಕದಿದ್ದರೆ ಕೊಳ್ಳುವವನ ಕಣ್ಣು ಎನ್ನಿಸುವುದಿಲ್ಲ.

ಮೊದಲ ದೋಷ ಮುಖದಲ್ಲೇ ಇದೆ. ಗಜಲಕ್ಷ್ಮಿಯ ಪಕ್ಕದಲ್ಲಿ ಟೋಪಿ ಧರಿಸಿದ ಇಂಗ್ಲಿಷ್ ಸಿಪಾಯಿ, ಗೋಪುರದ ಶಿಲ್ಪದ ಮಗ್ಗುಲಲ್ಲಿ ಯುರೋಪಿನ ದುಂಡು ಕಂಬ. ಇಟಲಿಯ ಅಮೃತಶಿಲೆ, ಬೆಲ್ಜಿಯಂ ಕನ್ನಡಿ, ಜಪಾನಿನ ಹೂವಿನ ಟೈಲ್ಸ್, ಇಂಗ್ಲೆಂಡಿನ ಕಬ್ಬಿಣ ಎಲ್ಲವೂ ಒಂದೇ ಹಜಾರದಲ್ಲಿ ಗುಂಪುಗೂಡಿವೆ. ಪಕ್ಕದ ಮನೆಯವನಿಗಿಂತ ಒಂದು ಮೊಳ ಹೆಚ್ಚಿರಲಿ ಎಂಬ ಹಟ ಕೆಲವೆಡೆ ಅಂದವನ್ನು ಮೀರಿದೆ. ಎರಡನೆಯದು, ಇಷ್ಟು ದೊಡ್ಡ ಮನೆಯಲ್ಲಿ ಮಲಗಲು ಒಳ್ಳೆಯ ಕೋಣೆಯಿಲ್ಲ! ತೊಟ್ಟಿಯ ಸುತ್ತಲ ಕೋಣೆಗಳು ಇಕ್ಕಟ್ಟು, ಕತ್ತಲು. ಸೊಸೆಯರು ತವರಿನಿಂದ ತಂದ ಪಾತ್ರೆ ಪಡಗಗಳನ್ನು ಇಡಲು ಅವು ಸಾಕು, ಗಾಳಿ ಬೆಳಕಿಗೆ ಅಂಗಳದ ಹಜಾರಕ್ಕೇ ಬರಬೇಕು. ಮದುವೆಯಾದ ಮಕ್ಕಳು ಒಂದೇ ಸೂರಿನಡಿ ಇದ್ದರೂ ಅವರವರ ಒಲೆ ಬೇರೆ, ಅವರವರ ಲೆಕ್ಕ ಬೇರೆ. ಗಂಡಸರು ಸಾಗರದಾಚೆ ಮೂರು ವರ್ಷಗಳ ಸರದಿಯಲ್ಲಿ ವ್ಯಾಪಾರಕ್ಕೆ ಹೋದರೆ, ಹಿಂದಿನ ಅಂಗಳಗಳ ಹೊಗೆಯಲ್ಲಿ ದಿನ ತಳ್ಳಿದವರು ಹೆಂಗಸರು. ಮುಂದಿನ ಹಜಾರದ ವೈಭವ ಅವರ ಪಾಲಿಗೆ ಬಂದದ್ದು ಮದುವೆ ಮುಂಜಿಯ ದಿನಗಳಲ್ಲಿ ಮಾತ್ರ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಎರಡು ಕಷ್ಟಗಳನ್ನೂ ಇವರು ಒಂದೇ ಮಾಡಿಕೊಂಡರು. ಮದುವೆಗೆಂದೇ ಮನೆ ಕಟ್ಟಿದರು.

ಇನ್ನು ಆ ತೇಗದ ತೊಲೆಗಳು. ಅವು ಬಂದ ದಾರಿಯನ್ನೂ ನೋಡಬೇಕು. ಐರಾವತಿ ನದಿಯ ಮುಖಜಭೂಮಿಯಲ್ಲಿ ಕಾಡು ಕಡಿದು ಭತ್ತ ಬೆಳೆದ ಬರ್ಮಾದ ರೈತನಿಗೆ ಸಾಲ ಕೊಟ್ಟವರು ಮುಖ್ಯವಾಗಿ ಚೆಟ್ಟಿಯಾರರು. ಬ್ರಿಟಿಷ್ ಬ್ಯಾಂಕುಗಳು ಆ ರೈತನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಲ್ಲಿಯವರೆಗೆ ಸರಿ. 1930ರ ದಶಕದ ಜಾಗತಿಕ ಮುಗ್ಗಟ್ಟಿನಲ್ಲಿ ಅಕ್ಕಿಯ ಬೆಲೆ ನೆಲಕಚ್ಚಿತು, ಸಾಲ ತೀರಲಿಲ್ಲ, ಅಡವಿಟ್ಟ ಭೂಮಿ ಸಾಲಿಗನ ಕೈಸೇರಿತು. ಕೆಳಬರ್ಮಾದ 13 ಮುಖ್ಯ ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ನೂರಕ್ಕೆ 6ರಷ್ಟಿದ್ದ ಚೆಟ್ಟಿಯಾರರ ಭೂಮಿ 1937ರ ಹೊತ್ತಿಗೆ ನೂರಕ್ಕೆ 25ರಷ್ಟಾಯಿತು. ಅವರಿಗೂ ಈ ಭೂಮಿ ಬೇಕಿರಲಿಲ್ಲ, ಹಣ ಬೇಕಿತ್ತು. ಆದರೆ ನೆಲ ಕಳೆದುಕೊಂಡವನಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ? 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದರು. ಸ್ವಾತಂತ್ರ್ಯಾನಂತರ ಅಲ್ಲಿ ಭೂಮಿ ರಾಷ್ಟ್ರೀಕರಣವಾಯಿತು. 1962ರ ಸೈನಿಕ ಕ್ರಾಂತಿಯ ಬಳಿಕ ಬ್ಯಾಂಕುಗಳೂ ಹೋದವು. ಹಣದ ಹೊಳೆ ಬತ್ತಿತು, ಮನೆಗಳು ಮಾತ್ರ ನಿಂತವು.

ನಿಂತ ಮನೆ ಸುಮ್ಮನೆ ನಿಲ್ಲುವುದಿಲ್ಲ. ಬಾಗಿಲು ಮುಚ್ಚಿದರೆ ಗಾಳಿಯ ಓಟ ನಿಲ್ಲುತ್ತದೆ. ಒಣ ಎಲೆ ತುಂಬಿ ತೊಟ್ಟಿಯ ತೂಬು ಕಟ್ಟುತ್ತದೆ. ನೀರು ನಿಂತು ಗಾರೆ ಉಬ್ಬುತ್ತದೆ. ಹಕ್ಕಿ ಉದುರಿಸಿದ ಬೀಜದಿಂದ ಅರಳಿಯ ಸಸಿಯೊಂದು ಅಟ್ಟಣೆಯ ಬಿರುಕಿನಲ್ಲಿ ಬೇರು ಬಿಡುತ್ತದೆ. ದಿನವೂ ಗುಡಿಸಿ, ತೆರೆದು ಮುಚ್ಚುವ ಹತ್ತಾರು ಕೈಗಳನ್ನು ನಂಬಿ ಕಟ್ಟಿದ ಮನೆಯಲ್ಲಿ ಈಗ ಇರುವವನು ಒಬ್ಬ ಕಾವಲುಗಾರ.

ಹಾಗಾದರೆ ಮಾರಿಬಿಡಬಾರದೇ? ಇಲ್ಲಿದೆ ಸಣ್ಣ ಲೆಕ್ಕ. ಕಟ್ಟಿಸಿದವನಿಗೆ ಮೂವರು ಗಂಡುಮಕ್ಕಳು ಎನ್ನೋಣ. ಅವರಿಗೆ ತಲಾ ಮೂವರು. ಹೀಗೆ ನಾಲ್ಕನೆಯ ತಲೆಮಾರಿಗೆ ಹಕ್ಕುದಾರರು 81. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದೆ. ನ್ಯಾಯವಾದದ್ದೇ, ಆದರೆ ಸಹಿಗಳು ಇನ್ನೂ ಹೆಚ್ಚಿದವು. ಒಬ್ಬರು ಚೆನ್ನೈಯಲ್ಲಿ, ಒಬ್ಬರು ಸಿಂಗಪುರದಲ್ಲಿ, ಮತ್ತೊಬ್ಬರು ಅಮೆರಿಕದಲ್ಲಿ. ಎಲ್ಲರೂ ಒಪ್ಪುವುದು ಒಂದು ಮಾತಾದರೆ, ಹಳ್ಳಿಯಲ್ಲಿ ಇಷ್ಟು ದೊಡ್ಡ ಮನೆ ಕೊಳ್ಳುವವನು ಸಿಗುವುದು ಇನ್ನೊಂದು ಮಾತು. ಇಡಿಯಾಗಿ ಬೇಡವಾದ ಮನೆಯನ್ನು ಬಿಡಿಯಾಗಿ ಕೇಳುವವರು ಬೇಕಾದಷ್ಟಿದ್ದಾರೆ. ಹತ್ತು ಅಡಿ ಎತ್ತರದ ತೇಗದ ಕಂಬ, ಕೆತ್ತನೆಯ ಬಾಗಿಲು, ಇವನ್ನೆಲ್ಲ ಒಂದೊಂದಾಗಿ ಕೂಡಿದರೆ ಮೊತ್ತ ಇಡೀ ಮನೆಯ ಬೆಲೆಯನ್ನು ಮೀರುತ್ತದೆ. ಕಂಬ ಕಿತ್ತ ಮೇಲೆ ಸೂರು ಉಳಿಯುವುದಿಲ್ಲ, ಉಳಿಯುವುದು ನಿವೇಶನ. ಹಕ್ಕುದಾರರ ನಡುವೆ ಹಂಚಲು ಅದೂ ಸುಲಭ.

ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಈ ಬಿಡಿಭಾಗಗಳ ಸಂತೆ ನೆರೆದಿದೆ. ಸಾಲು ಅಂಗಡಿಗಳ ಮುಂದೆ ಗೋಡೆಗೆ ಒರಗಿಸಿದ ಬಾಗಿಲುಗಳು, ರಾಶಿ ಬಿದ್ದ ಕಂಬದ ಬೋದಿಗೆಗಳು. ಒಳಗೆ ಉಪ್ಪಿನಕಾಯಿಯ ಪಿಂಗಾಣಿ ಜಾಡಿ, ಎನಾಮಲ್ ಬುತ್ತಿ, ಬರ್ಮಾದ ಅರಗಿನ ಡಬ್ಬಿ, ರವಿವರ್ಮನ ಅಚ್ಚಿನ ಚಿತ್ರಪಟ, ಯಾರದೋ ಮನೆಯ ಹಿರಿಯರು ಕೋಟು ಹಾಕಿ ಕುಳಿತ ಫೋಟೋ. ಆ ಫೋಟೋಗೂ ಬೆಲೆಯಿದೆ, ಚೌಕಟ್ಟಿನ ಲೆಕ್ಕದಲ್ಲಿ.

ಇಲ್ಲಿಂದ ಲಾರಿ ಹತ್ತಿದ ಕಂಬಗಳಲ್ಲಿ ಕೆಲವು ನಮ್ಮ ಬೆಂಗಳೂರಿಗೂ ಬರುತ್ತವೆ. ಹೊರವಲಯದ ತೋಟದ ಮನೆಗಳಲ್ಲಿ, ರೆಸಾರ್ಟುಗಳಲ್ಲಿ ಅವನ್ನು ಕಾಣಬಹುದು. ಮೇಲೆ ಕಾಂಕ್ರೀಟ್ ಸ್ಲ್ಯಾಬು ತನ್ನ ಭಾರವನ್ನು ತಾನೇ ಹೊತ್ತಿರುತ್ತದೆ, ಕೆಳಗೆ ತೇಗದ ಕಂಬ ಏನನ್ನೂ ಹೊರದೆ ನಿಂತಿರುತ್ತದೆ. ತೊಟ್ಟಿಯ ಮೇಲೆ ಸೊಳ್ಳೆ ಮತ್ತು ಮಳೆಗೆ ಹೆದರಿ ಗಾಜು ಹೊದಿಸಿರುತ್ತಾರೆ. ಬಿಸಿಗಾಳಿ ಮೇಲೇರಿ ಗಾಜಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಏಸಿ ಹಾಕಿಸಬೇಕಾಗುತ್ತದೆ. ಲಾರಿಯಲ್ಲಿ ಕಂಬ ಬಂತು, ತಂಪು ಬರಲಿಲ್ಲ.

ಮನೆಯನ್ನು ಇಡಿಯಾಗಿ ಎತ್ತಿ ತಂದವರೂ ಇದ್ದಾರೆ. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಚೆಟ್ಟಿನಾಡಿನ ವರ್ತಕರ ಮನೆಯೊಂದು ಮರುಜೋಡಣೆಯಾಗಿ ನಿಂತಿದೆ. ಬ್ಯಾಂಕ್ ಉದ್ಯೋಗಿಯಾಗಿದ್ದ ಮಣಿಪಾಲದ ವಿಜಯನಾಥ ಶೆಣೈ ಅವರು, ಜನ ಮುರಿದು ಮಾರುತ್ತಿದ್ದ ಮನೆಗಳ ಕಂಬ ಬಾಗಿಲುಗಳನ್ನು ಕೂಡಿಹಾಕುತ್ತ ಹೋಗಿ, ಕೊನೆಗೆ ಕುಕನೂರಿನ ಕಮಲಮಹಲಿನಂಥ ಕಟ್ಟಡಗಳನ್ನೇ ತಂದು ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರೂ ಮಣಿಪಾಲದ ಆ ಊರು ಉಳಿದಿದೆ. ಚೆಟ್ಟಿನಾಡಿನಲ್ಲೇ ಕೆಲವು ಮನೆಗಳು ಹೋಟೆಲುಗಳಾಗಿ ಬದುಕಿವೆ. 2014ರಲ್ಲಿ ಈ ಊರುಗಳ ಹೆಸರು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತೂಬಿನ ಎಲೆ ತೆಗೆಯುವವರು ಸಿಗುವುದಿಲ್ಲ, ಅದು ಬೇರೆ ಮಾತು.

ನೋಡಬೇಕೆನ್ನುವವರಿಗೆ ತಿರುಚ್ಚಿಯಿಂದಲೂ ಮದುರೆಯಿಂದಲೂ ಕಾರೈಕುಡಿ ಸುಮಾರು 90 ಕಿಲೋಮೀಟರು. ಆತ್ತಂಗುಡಿಯ ದೊಡ್ಡ ಮನೆಗೆ ಟಿಕೆಟ್ ಕೊಂಡು ಹೋಗಬಹುದು, ಕಾನಾಡುಕಾತ್ತಾನಿನ ಬೀದಿಗಳನ್ನು ಬೆಳಗಿನ ತಂಪಿನಲ್ಲಿ ನಡೆದೇ ನೋಡಬೇಕು. ಬೀಗ ಹಾಕಿದ ಮನೆಯಾದರೆ ಕಾವಲುಗಾರನನ್ನು ವಿಚಾರಿಸಿ. ಕೆಲವರು ತೆರೆದು ತೋರಿಸುತ್ತಾರೆ. ಒಳಗೆ ಹೋದಾಗ ಚಪ್ಪಲಿ ಬಿಟ್ಟು ನಡೆಯಿರಿ, ಆ ನೆಲಕ್ಕೆ ಈಗ ಬರಿಗಾಲಿನ ಓಡಾಟ ಕಡಿಮೆಯಾಗಿದೆ.