ಉಸಿರೂ ಊಟವೂ

ಮುದುಕರಿಗೆ ರಸಾಯನ ತಿನ್ನಿಸಿ ತರುಣರನ್ನಾಗಿ ಮಾಡುವ ಆಸೆ ಲೋಕದಲ್ಲಿ ಬಹಳ ಹಳೆಯದು. ನನಗೆ ಆ ಆಸೆ ಹುಟ್ಟಿದ್ದು ನಮ್ಮ ಮನೆಯ ಡೀಸೆಲ್ ಕಾರಿನ ವಿಷಯದಲ್ಲಿ. ಹದಿನೆಂಟು ವರ್ಷ ನಮ್ಮನ್ನು ಹೊತ್ತು ತಿರುಗಿದ ಆ ವಾಹನವು ಈಚೆಗೆ ಏದತೊಡಗಿತ್ತು. ಏರು ಕಂಡರೆ ಕರಿಯ ಹೊಗೆಯನ್ನು ಕಾರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪದ ತಂಗಿಯ ಮನೆಯಿಂದ ಬಳ್ಳಾರಿಗೆ ಹಿಂದಿರುಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ತಾಯಿಯವರೂ ತಂಗಿಯ ಇಬ್ಬರು ಮಕ್ಕಳೂ ಇದ್ದರು. ತೆಕ್ಕಲಕೋಟೆಯನ್ನು ದಾಟಿದ ಮೇಲೆ ಭತ್ತದ ಲಾರಿಯೊಂದನ್ನು ಹಿಂದೆ ಹಾಕಲು ಹೊರಟೆನು. ಅದರ ಮಗ್ಗುಲಿಗೆ ಬರುವ ಹೊತ್ತಿಗೆ ಕಾರಿನ ಬಲವು ಉಡುಗಿತು. ಎದುರಿಗೆ ಬಸ್ಸು! ಲಾರಿಯವನು ತಾನೇ ವೇಗವನ್ನು ತಗ್ಗಿಸಿ ಎಡೆಗೊಟ್ಟುದರಿಂದ ಉಳಿದುಕೊಂಡೆವು. ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಮನೆ ಸೇರುವವರೆಗೆ ಮಕ್ಕಳ ಕೈಗಳನ್ನು ಮಾತ್ರ ಬಿಡಲಿಲ್ಲ.

ಮರುದಿನವೇ ಬಳ್ಳಾರಿಯ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಹೋಗಿ, ದೊಡ್ಡ ಟರ್ಬೊವನ್ನೂ ದೊಡ್ಡ ಪಂಪನ್ನೂ ಕೂರಿಸಿಕೊಡಬೇಕೆಂದು ಕೇಳಿದೆನು. ಅವರು ಹೊಗೆಯನ್ನು ನೋಡಿ, "ಇದಕ್ಕೆ ಊಟ ಕಡಿಮೆಯಾಗಿಲ್ಲ ಸಾರ್, ಉಸಿರು ಕಡಿಮೆಯಾಗಿದೆ" ಎಂದರು.

ಡೀಸೆಲ್ ಯಂತ್ರದಲ್ಲಿ ಕಿಡಿಯಿಲ್ಲ. ಬಲವಾಗಿ ಒತ್ತಿದ ಗಾಳಿಯು ಕಾದಿರುವಾಗ ಪಂಪು ಅದರೊಳಕ್ಕೆ ಡೀಸೆಲನ್ನು ತುಂತುರಾಗಿ ಚಿಮ್ಮಿಸುವುದು. ಅದು ತಾನೇ ಹೊತ್ತಿಕೊಳ್ಳುವುದು. ಗಾಳಿಗೆ ಮೀರಿ ಡೀಸೆಲ್ ಬಿದ್ದರೆ ಮಸಿಯಾಗಿ ಹೊರಬೀಳುವುದು. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬವರು ಪೇಟೆಂಟ್ ಪಡೆದ ಉಪಾಯದಿಂದ ಬೆಳೆದುಬಂದದ್ದೇ ಟರ್ಬೊ. ಹೊರಹೋಗುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸಿದರೆ, ಅದೇ ಅಚ್ಚಿನ ಇನ್ನೊಂದು ಚಕ್ರವು ಹೊಸ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಬಲ್ಲ ಆ ಅಚ್ಚು ಎಂಜಿನ್ ಎಣ್ಣೆಯ ತೆಳುಪೊರೆಯ ಮೇಲೆ ತೇಲುವುದು. ದೂರ ಓಡಿಬಂದೊಡನೆ ಎಂಜಿನ್ನನ್ನು ನಿಲ್ಲಿಸದೆ ಒಂದು ನಿಮಿಷ ಸುಮ್ಮನೆ ತಿರುಗಬಿಡಬೇಕೆನ್ನುವುದು ಇದಕ್ಕಾಗಿಯೇ. ನಾನು ಎಂದೂ ಹಾಗೆ ಬಿಟ್ಟವನಲ್ಲ. ಅಚ್ಚು ಸವೆದಿತ್ತು. ಅದರ ಮೇಲೆ, ಬಲ ಬರಲೆಂದು ಹಿಂದಿನ ವರ್ಷ ನಾನೇ ಹೇಳಿ ಪಂಪಿನ ತಿರುಪನ್ನು ತಿರುಗಿಸಿ, ಡೀಸೆಲನ್ನು ಹೆಚ್ಚಿಸಿದ್ದೆನು.

"ಆದರೂ ದೊಡ್ಡದನ್ನೇ ಹಾಕಿದರೆ?" ಎಂದೆನು.

"ಓಡುವ ಬಲವನ್ನು ನಾನು ಕೊಡುತ್ತೇನೆ ಸಾರ್. ನಿಲ್ಲುವ ಬಲವನ್ನು ಎಲ್ಲಿಂದ ತರುತ್ತೀರಿ?" ಎಂದು ಅವರು ಬ್ರೇಕುಗಳನ್ನು ತೋರಿಸಿದರು. ಒತ್ತಡ ಹೆಚ್ಚಿದರೆ ಕಾವು ಹೆಚ್ಚುವುದು. ಹೆಡ್ ಗ್ಯಾಸ್ಕೆಟ್ಟು, ಪಿಸ್ಟನ್ನು, ರೇಡಿಯೇಟರು, ಕ್ಲಚ್ಚು ಎಲ್ಲವೂ ಅದನ್ನು ತಾಳಬೇಕು. ನಮ್ಮ ಊರಿನ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಡೆಗೆ ಮೊದಲಿನ ಅಳತೆಯದೇ ಹೊಸ ಟರ್ಬೊವನ್ನು ಕೂರಿಸಿದರು. ಪಂಪನ್ನು ಪರೀಕ್ಷಾಯಂತ್ರಕ್ಕೇರಿಸಿ, ಗಾಜಿನ ಕೊಳವೆಗಳಲ್ಲಿ ಡೀಸೆಲನ್ನು ಹಿಡಿದು, ನಾಲ್ಕರಲ್ಲಿಯೂ ಮಟ್ಟವು ಸಮನಾಗುವವರೆಗೆ ಹೊಂದಿಸಿದರು. ಬ್ರೇಕುಗಳನ್ನೂ ಹೊಸದು ಮಾಡಿಸಿದೆನು.

ಶ್ರಾವಣ ಸೋಮವಾರ ತಾಯಿಯವರನ್ನು ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಕರೆದೊಯ್ದೆನು. ಹೊಗೆಯಿರಲಿಲ್ಲ, ಕಾಲಿಟ್ಟರೆ ಕಾರು ಮುನ್ನುಗ್ಗುತ್ತಿತ್ತು. ದಾರಿಯಲ್ಲಿ ಲಾರಿಯೊಂದರ ಹಿಂದೆ ಬಹಳ ಹೊತ್ತು ಉಳಿದೆನು.

"ಈಗ ದಾಟಬಹುದಲ್ಲವೇನೋ?" ಎಂದರು ತಾಯಿಯವರು.

"ರಸ್ತೆ ಕಾಣಲಿ, ಅಮ್ಮಾ" ಎಂದೆನು.

ಅಂದು ಸಿರುಗುಪ್ಪದ ದಾರಿಯಲ್ಲಿ ಬಲ ಕುಂದಿದ್ದು ಕಾರಿಗೆ. ಅಳತೆ ತಪ್ಪಿದ್ದು ನನಗೆ. ಗುಡಿಯ ಮುಂದೆ ನಿಂತಾಗ ತಾಯಿಯವರು ಇಳಿದು ಹೊರಟರು. ನಾನು ಒಂದು ನಿಮಿಷ ಎಂಜಿನ್ನನ್ನು ತಿರುಗಬಿಟ್ಟು, ಆಮೇಲೆ ಬೀಗದ ಕೈಯನ್ನು ತೆಗೆದೆನು.