ಚಾವಡಿಯ ಅಜ್ಜ

ತೊಂಬತ್ತೈದು ವರ್ಷಗಳ ತುಂಬುಬಾಳನ್ನು ಬಾಳಿ 2023ರ ಮಳೆಗಾಲದಲ್ಲಿ ಅಜ್ಜ ಕಣ್ಮುಚ್ಚಿದಾಗ, ಎಣ್ಮಕಜೆಯ ಗುಡ್ಡದ ತಪ್ಪಲಿನ ಆ ಮನೆಗೆ ಬಂದವರು ಮೂರು ಭಾಷೆಗಳಲ್ಲಿ ಅವರನ್ನು ನೆನೆದರು. ಬಂಧುಗಳು ತುಳುವಿನಲ್ಲಿ, ಶಾಲೆಯ ಅಧ್ಯಾಪಕರು ಕನ್ನಡದಲ್ಲಿ, ನೆರೆಯ ಅಂಗಡಿಯವರು ಮಲೆಯಾಳದಲ್ಲಿ. ಮೂವರೂ ಹೇಳಿದ್ದು ಒಂದೇ ಮಾತು: ಈ ಚಾವಡಿಗೆ ಬಂದವರು ಬರಿಗೈಯಲ್ಲಿ ಹಿಂದಿರುಗಿದ್ದಿಲ್ಲ.

ಅಜ್ಜ ಹುಟ್ಟಿದ್ದು 1928ರಲ್ಲಿ, ಮದ್ರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಮನೆಮಾತು ತುಳು, ಓದುಬರಹ ಕನ್ನಡ. ಐದನೆಯ ತರಗತಿಗೆ ಓದು ನಿಂತಿತು. ಗೇಣಿಯ ಗದ್ದೆ, ಗುಡ್ಡದ ಬದಿಯ ಸಣ್ಣ ಅಡಿಕೆ ತೋಟ. ಕೊಯ್ಲು ಮುಗಿದೊಡನೆ ಧಣಿಗಳ ಮನೆಗೆ ಅಕ್ಕಿಮುಡಿ ಹೊರುವುದು ವರ್ಷವರ್ಷದ ಕಾಯಕ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ದಿನವನ್ನು ಅಜ್ಜ ಮುಂದೆ ಹೀಗೆ ವಿವರಿಸುತ್ತಿದ್ದರು: “ನಾವು ಎಲ್ಲಿಗೂ ಹೋಗಲಿಲ್ಲ. ಕಚೇರಿ ಮಾತ್ರ ದೂರ ಹೋಯಿತು.” ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದಾಗ ಎಲ್ಲರಂತೆ ಅವರೂ ಆಸೆಯಿಂದ ಕಾದರು. ಮೆರವಣಿಗೆಗಳಲ್ಲಿ ನಡೆದರು. ಕಾಯುವುದು ಮುಗಿಯಲಿಲ್ಲ, ಬದುಕು ಮಾತ್ರ ಮುಂದೆ ಸಾಗಿತು.

ಅಷ್ಟರಲ್ಲಿ 1970ರ ಜನವರಿ 1ರಂದು ಕೇರಳದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತು. ಗೇಣಿಯ ಪದ್ಧತಿ ಕೊನೆಗೊಂಡಿತು. ಉಳುತ್ತಿದ್ದವರಿಗೆ ನೆಲದ ಒಡೆತನ ಬರುವಂತಾಯಿತು. ಅಜ್ಜನ ಬಾಳಿನ ಬಹುದೊಡ್ಡ ತಿರುವು ಅದು. ಯಾವ ರಾಜ್ಯಕ್ಕೆ ಸೇರಬಾರದೆಂದು ಅವರು ಮೆರವಣಿಗೆ ನಡೆದಿದ್ದರೋ, ಅದೇ ರಾಜ್ಯದ ಕಾನೂನು ಅವರನ್ನು ಒಡೆಯನನ್ನಾಗಿ ಮಾಡಿತು. ಇದನ್ನು ಅವರು ಎಂದೂ ಮರೆಮಾಚಲಿಲ್ಲ. ಕೇರಳವನ್ನು ಯಾರಾದರೂ ಹಳಿದರೆ, “ನನ್ನ ಅನ್ನ ಅಲ್ಲಿಂದ ಬಂತು, ಅಕ್ಷರ ಕನ್ನಡದಿಂದ ಬಂತು. ಎರಡಕ್ಕೂ ಋಣವಿದೆ” ಎಂದು ಮಾತು ಮುಗಿಸುತ್ತಿದ್ದರು.

ಆದರೆ ಕೈಗೆ ಬಂದ ಕ್ರಯಪತ್ರ ಮಲೆಯಾಳದಲ್ಲಿತ್ತು. ಅದನ್ನು ಓದಿಸಲು ಅವರು ಪೇಟೆಯವರೆಗೆ ನಡೆಯಬೇಕಾಯಿತು. ತನ್ನ ಮಣ್ಣಿನ ಕಾಗದವನ್ನು ತಾನೇ ಓದಲಾರದವನು ಅರೆ ಒಡೆಯ ಎಂದುಕೊಂಡು, ನಲವತ್ತು ದಾಟಿದ ಮೇಲೆ ಮಗನ ಪಾಠಪುಸ್ತಕವನ್ನು ಎದುರಿಗಿಟ್ಟು ಆ ಲಿಪಿಯನ್ನು ಕಲಿತರು. ಅಂದಿನಿಂದ ಊರಿನವರಿಗೆ ಬಂದ ನೋಟೀಸುಗಳೆಲ್ಲ ಆ ಚಾವಡಿಗೆ ಬರತೊಡಗಿದವು. ಓದುವುದು ಮಲೆಯಾಳದಲ್ಲಿ, ಉತ್ತರ ಬರೆಯುವುದು ಕನ್ನಡದಲ್ಲಿ: ಇದು ಅವರ ಕ್ರಮ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಈ ನಾಡಿನ ಕನ್ನಡಿಗರು ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಲು 1969ರ ಕೇರಳದ ಆಡಳಿತ ಭಾಷಾ ಕಾಯಿದೆಯೂ ಅವಕಾಶ ಮಾಡಿದೆ. ಅಜ್ಜನಿಗೆ ವಿಧಿಯ ಸಂಖ್ಯೆ ತಿಳಿದಿರಲಿಲ್ಲ, ಹಕ್ಕು ತಿಳಿದಿತ್ತು. ಕನ್ನಡದ ಅರ್ಜಿ ಮರಳಿ ಬಂದರೆ ಜಗಳವಾಡದೆ ಮರುದಿನ ಅದನ್ನೇ ಪುನಃ ಕೊಂಡೊಯ್ಯುತ್ತಿದ್ದರು.

ಅವರಲ್ಲಿ ತಪ್ಪುಗಳಿರಲಿಲ್ಲವೆಂದಲ್ಲ. ಮುಂಗೋಪಿ. ಹಿರಿಯ ಮಗಳನ್ನು ಏಳನೆಯ ತರಗತಿಗೇ ಶಾಲೆ ಬಿಡಿಸಿದ್ದರು. ಆ ಕೊರಗು ಕೊನೆಯವರೆಗೂ ಉಳಿಯಿತು. ಆಸ್ತಿಯನ್ನು ಪಾಲುಮಾಡಿ ದಸ್ತಾವೇಜು ಬರೆಸಿದಾಗ ಇಬ್ಬರು ಹೆಣ್ಣುಮಕ್ಕಳಿಗೂ ಮೂವರು ಗಂಡುಮಕ್ಕಳಿಗೂ ಸಮಪಾಲು ಕೊಟ್ಟು, ಹಿರಿಯ ಮಗಳಿಗೆ “ಅಂದು ಕೊಡಬೇಕಾದ್ದನ್ನು ಕೊಡಲಿಲ್ಲ” ಎಂದಷ್ಟೇ ಹೇಳಿದರು. ಪಾಲಾಗದೆ ಉಳಿದದ್ದು ಸುರಂಗವೊಂದೇ. ಮುರಕಲ್ಲಿನ ಗುಡ್ಡದೊಳಕ್ಕೆ ಚಿಮಿಣಿ ದೀಪದ ಬೆಳಕಿನಲ್ಲಿ ಅವರೇ ಅಗೆದ ಆ ಸುರಂಗದ ನೀರು ಐದು ಪಾಲಿಗೂ ಹರಿಯತಕ್ಕದ್ದು, ಯಾರೂ ತಡೆಯಕೂಡದು ಎಂದು ದಸ್ತಾವೇಜಿನಲ್ಲಿ ಬರೆಸಿದರು.

2018ರ ಮೇ ತಿಂಗಳಲ್ಲಿ ಮನೆಯಲ್ಲಿ ಮತ್ತೊಂದು ಪ್ರಶ್ನೆ ಎದ್ದಿತು. ಹಿರಿಯ ಮೊಮ್ಮಗನ ಮಗಳನ್ನು ಒಂದನೆಯ ತರಗತಿಗೆ ಎಲ್ಲಿಗೆ ಸೇರಿಸುವುದು? ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ವಾಹನ ಮನೆಯ ಕೆಳಗಿನ ರಸ್ತೆಗೇ ಬರುತ್ತಿತ್ತು. ಜೂನಿನ ಆರನೆಯ ಕೆಲಸದ ದಿನದ ತಲೆಯೆಣಿಕೆಯ ಮೇಲೆ ತರಗತಿ, ಅಧ್ಯಾಪಕರ ಹುದ್ದೆ ಎರಡೂ ನಿಂತಿವೆಯೆಂಬುದು ಈ ನಾಡಿನ ಕನ್ನಡ ಶಾಲೆಗಳ ಎಲ್ಲ ಹೆತ್ತವರಿಗೂ ಗೊತ್ತು. ಅಜ್ಜನಿಗೂ ಗೊತ್ತಿತ್ತು. ಆದರೂ ಅವರು ಆ ಮಾತನ್ನೆತ್ತಲಿಲ್ಲ.

“ಅಜ್ಜ, ನೀವು ಏನು ಹೇಳುತ್ತೀರಿ?” ಎಂದು ಮೊಮ್ಮಗ ಕೇಳಿದ.

“ಶಾಲೆಯನ್ನು ಉಳಿಸುವುದಕ್ಕೆಂದು ಮಗುವನ್ನು ಕಳುಹಿಸಬೇಡ. ಅದು ಮಗುವಿನ ಮೇಲೆ ಹೊರೆ ಹೊರಿಸಿದಂತೆ. ಈ ಮನೆಯ ಕಾಗದಗಳನ್ನು ಓದಲು ಕನ್ನಡ ಬೇಕು, ಮಲೆಯಾಳ ಬೇಕು, ಈಗ ಇಂಗ್ಲಿಷೂ ಬೇಕು. ಮೂರನ್ನೂ ಕಲಿಸುವ ಶಾಲೆ ಯಾವುದೆಂದು ನೋಡಿ ಬಾ.”

ಮೊಮ್ಮಗ ಎರಡೂ ಶಾಲೆಗಳಿಗೆ ಹೋಗಿ ಬಂದ. ಪೇಟೆಯ ಶಾಲೆಯಲ್ಲಿ ಕನ್ನಡವಿರಲಿಲ್ಲ. ಮಗು ಊರಿನ ಕನ್ನಡ ಶಾಲೆಗೆ ಸೇರಿತು. ಮುಂದಿನ ವರ್ಷ ಕಿರಿಯ ಮೊಮ್ಮಗ ತನ್ನ ಮಗನನ್ನು ಇಂಗ್ಲಿಷ್ ಶಾಲೆಗೇ ಸೇರಿಸಿದ. ಅಜ್ಜ ಬೇಸರಿಸಲಿಲ್ಲ, ಮುನಿಯಲೂ ಇಲ್ಲ. ರಜೆಯ ದಿನಗಳಲ್ಲಿ ಆ ಹುಡುಗನನ್ನು ಚಾವಡಿಯಲ್ಲಿ ಕೂರಿಸಿಕೊಂಡು, ನಡುಗುವ ಕೈಯಿಂದ ಸ್ಲೇಟಿನ ಮೇಲೆ ಅ, ಆ ಬರೆದು ತಿದ್ದಿಸಿದರು. ಕಣ್ಣು ಮಂಜಾದ ಮೇಲೆ ದಿನಪತ್ರಿಕೆಯ ತಲೆಬರಹಗಳನ್ನು ಅವನಿಂದಲೇ ಓದಿಸಿ ಕೇಳಿದರು. ಅವನು ತಡವರಿಸಿದಾಗ ಆ ಮುಂಗೋಪಿ ಒಮ್ಮೆಯೂ ಗದರಲಿಲ್ಲ.

ಉತ್ತರಕ್ರಿಯೆಯ ಕಾಗದಗಳು ಅಚ್ಚಾಗಿ ಬಂದ ಸಂಜೆ ಮಕ್ಕಳಿಬ್ಬರೂ ಅದೇ ಚಾವಡಿಯಲ್ಲಿ ಕುಳಿತು ವಿಳಾಸ ಬರೆದರು. ಮಲೆಯಾಳದ ನೆರೆಯವರ ಹೆಸರುಗಳನ್ನು ಅವರ ಲಿಪಿಯಲ್ಲೇ ಬರೆದವಳು ಕನ್ನಡ ಶಾಲೆಯ ಹುಡುಗಿ. ಕನ್ನಡದ ಲಕೋಟೆಗಳನ್ನು ಕೇಳಿ ಪಡೆದವನು ಇಂಗ್ಲಿಷ್ ಶಾಲೆಯ ಹುಡುಗ. ಒತ್ತಕ್ಷರಗಳಲ್ಲಿ ಅವನು ಎರಡು ಕಡೆ ತಪ್ಪಿದ. ಹಿರಿಯ ಮಗಳು ಅವನ ಬದಿಯಲ್ಲಿ ಕುಳಿತು ಅವನ್ನು ತಿದ್ದಿದರು.